ಕಾನ್‌ಸ್ಟಂಟೈನ್‌ನನ್ನು ಲಕ್ಕುಂಡಿ ಶಾಸನದಂತೆ ಓದುವುದು ಹೇಗೆ

ಧಾರವಾಡದ ಸಪ್ತಾಪುರದ ಕಡೆ ಬಂದವರಿಗೆ ಗೊತ್ತು, ಅಲ್ಲಿ ಓಣಿಗೊಂದು ಕೋಚಿಂಗ್ ಕ್ಲಾಸು. ಅಂಥದ್ದೊಂದು ಕ್ಲಾಸಲ್ಲಿ ನಾನು ಇತಿಹಾಸ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಊಟ ಆಗಿ ಎಲ್ಲರ ಕಣ್ಣು ಎಳೆಯುವ ಹೊತ್ತು, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: "313, ಮಿಲಾನ್ ಆಜ್ಞೆ, ಕ್ರೈಸ್ತ ಧರ್ಮ ರೋಮಿನ ರಾಜಧರ್ಮವಾಯಿತು." ಹಿಂದಿನ ಬೆಂಚಿನಿಂದ ಅಣ್ಣಿಗೇರಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಅದು 380 ಅಲ್ರೀ? ಥಿಯೋಡೋಸಿಯಸ್ ಮಾಡಿದ್ದಲ್ರೀ?"

"ಆಮ್ಯಾಲೆ ನೋಡೋಣ, ಕೂಡವ್ವಾ" ಅಂದೆ. ಆಮೇಲೆ ನೋಡಿದೆ. ಆಕೆ ಹೇಳಿದ್ದೇ ಸರಿ. ಮರುದಿನ ಅದೇ ಬೋರ್ಡಿನ ಮುಂದೆ ನಿಂತು ತಪ್ಪು ಒಪ್ಪಿಕೊಳ್ಳಬೇಕಾಯಿತು. ಅಲ್ಲಿಂದ ಆ 313ರ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ವಿಷಯ ಹೇಳುವ ರೀತಿಯನ್ನೇ ಬದಲಿಸಿಕೊಂಡೆ.

ಕಾನ್‌ಸ್ಟಂಟೈನ್ ಬಗ್ಗೆ ಎಲ್ಲರಿಗೂ ಏನೋ ಒಂದು ಗೊತ್ತಿರುತ್ತದೆ, ಅದೇ ತೊಂದರೆ. ಬೈಬಲ್ ಬರೆಸಿದ್ದು ಅವನಂತೆ, ಯೇಸುವನ್ನು ದೇವರು ಮಾಡಿದ್ದು ಅವನಂತೆ, ಕ್ರಿಸ್‌ಮಸ್ ತಂದಿದ್ದೂ ಅವನಂತೆ. ಡಿಸೆಂಬರ್ ಬಂತಂದ್ರೆ ಸಾಕು, ಮಳೆಹುಳ ಎದ್ದ ಹಾಗೆ ಇವೆಲ್ಲ ವಾಟ್ಸಾಪಲ್ಲಿ ಏಳುತ್ತವೆ. ಇನ್ನೊಂದು ಕಡೆ ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಅವನನ್ನು ಸಂತ ಅಂತಲೇ ಸ್ಮರಿಸುತ್ತವೆ. ನೀವು ಸೆಮಿನಾರ್ ಮಾಡಬೇಕಾದವರೋ, ಕೆಎಎಸ್ ಓದುವವರೋ, ಅಥವಾ ಫಾರ್ವರ್ಡ್ ಮೆಸೇಜಿಗೆ ಉತ್ತರ ಕೊಡಲೇಬೇಕು ಅಂತ ತಲೆ ಕೆಟ್ಟು ಕೂತವರೋ, ಯಾರೇ ಆಗಿರಿ, ನಾನು ನಮ್ಮ ಹುಡುಗರಿಗೆ ಮಾಡಿಸುವುದನ್ನು ನೀವೂ ಮಾಡಿ ನೋಡಿ.

ಮೊದಲು ಇಸವಿ, ಆಮೇಲೆ ಮಾತು

ಒಂದು ಎ4 ಹಾಳೆ ಅಡ್ಡ ಇಟ್ಟುಕೊಳ್ಳಿ. ಈ ಕಡೆಯಿಂದ ಆ ಕಡೆಗೆ ಒಂದು ಗೆರೆ ಎಳೆಯಿರಿ.

ಮೊದಲ ಗುರುತು 303. ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ಮೇಲೆ ದಬ್ಬಾಳಿಕೆ ಶುರುಮಾಡಿದ ವರ್ಷ. ಚರ್ಚು ಕೆಡವಿದರು, ಪುಸ್ತಕ ಸುಟ್ಟರು. 306ರಲ್ಲಿ ಬ್ರಿಟನ್ನಿನ ಯಾರ್ಕ್ ಊರಲ್ಲಿ ಅಪ್ಪ ತೀರಿಕೊಂಡ, ಅಪ್ಪನ ಸೈನಿಕರು ಕಾನ್‌ಸ್ಟಂಟೈನ್‌ನನ್ನೇ ಚಕ್ರವರ್ತಿ ಅಂತ ಕೂಗಿದರು. 311 ಬರೆದು ಕೆಳಗೆ ಗೆರೆ ಎಳೆಯಿರಿ, ಇದನ್ನ ಎಲ್ಲರೂ ಬಿಟ್ಟುಬಿಡುತ್ತಾರೆ. ಕ್ರೈಸ್ತರನ್ನು ಹಿಂಸಿಸಿದವರಲ್ಲಿ ಮುಂದಿದ್ದ ಸಹ-ಚಕ್ರವರ್ತಿ ಗಲೇರಿಯಸ್, ಸಾವು ಹತ್ತಿರ ಬಂದಾಗ, ಕ್ರೈಸ್ತರು ಇನ್ನು ಇರಬಹುದು, ನಮಗಾಗಿ ಅವರ ದೇವರಲ್ಲಿ ಬೇಡಿಕೊಳ್ಳಲಿ ಅಂತ ಆಜ್ಞೆ ಹೊರಡಿಸಿದ. 312, ರೋಮಿನ ಹೊರಗೆ ಮಿಲ್ವಿಯನ್ ಸೇತುವೆಯ ಯುದ್ಧ, ಎದುರಾಳಿ ಮ್ಯಾಕ್ಸೆಂಟಿಯಸ್ ಟೈಬರ್ ನದಿಯಲ್ಲಿ ಮುಳುಗಿ ಸತ್ತ. 313, ಪೂರ್ವದ ಅರಸ ಲಿಸೀನಿಯಸ್ ಜತೆ ಮಿಲಾನಿನಲ್ಲಿ ಮಾತುಕತೆ. 324ರಲ್ಲಿ ಆ ಲಿಸೀನಿಯಸ್‌ನನ್ನೂ ಸೋಲಿಸಿ ಒಬ್ಬನೇ ಒಡೆಯನಾದ. 325 ನೈಸಿಯಾದಲ್ಲಿ ಬಿಷಪ್ಪರ ಸಭೆ. 330 ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲ್. 337 ಮೇ 22, ಸಾವು.

ಈಗ ಕೆಂಪು ಪೆನ್ನು ತಗೊಳ್ಳಿ. 367 ಮತ್ತು 380 ಬರೆಯಿರಿ. ಅವನು ಸತ್ತು ಮೂವತ್ತು ವರ್ಷಕ್ಕೆ ಒಂದು, 43 ವರ್ಷಕ್ಕೆ ಇನ್ನೊಂದು. ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ 27 ಪುಸ್ತಕಗಳು ಇವೇ ಅಂತ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ತನ್ನ ಪತ್ರದಲ್ಲಿ ಪಟ್ಟಿ ಕೊಟ್ಟದ್ದು 367ರಲ್ಲಿ. ಥಿಯೋಡೋಸಿಯಸ್ ತನ್ನ ಪ್ರಜೆಗಳೆಲ್ಲ ಒಂದೇ ಕ್ರೈಸ್ತ ನಂಬಿಕೆ ಹಿಡಿಯಬೇಕು ಅಂದದ್ದು 380ರಲ್ಲಿ. ಹಾಳೆ ಗೋಡೆಗೆ ಅಂಟಿಸಿ. ವಾಟ್ಸಾಪ್ ಮೆಸೇಜುಗಳಲ್ಲಿ ಅರ್ಧ ಅಲ್ಲಿಗೇ ಉದುರಿ ಬೀಳುತ್ತವೆ.

ಹಾಗಾದ್ರೆ 313ರಲ್ಲಿ ಏನಾಯಿತು? ಆ ಒಪ್ಪಂದದ ಮಾತು ನಮಗೆ ಉಳಿದಿರುವುದು ಲಿಸೀನಿಯಸ್ ತನ್ನ ಕಡೆಯ ಅಧಿಕಾರಿಗಳಿಗೆ ಕಳಿಸಿದ ಪತ್ರದಲ್ಲಿ. ಕ್ರೈಸ್ತರಾಗಲಿ ಬೇರೆಯವರಾಗಲಿ, ಯಾರಿಗೆ ಯಾವ ಪೂಜೆ ಸರಿ ಕಾಣುತ್ತದೋ ಅದನ್ನು ಮಾಡಲಿ ಅಂತ ಅದರಲ್ಲಿದೆ. ಜತೆಗೆ, ದಬ್ಬಾಳಿಕೆಯ ಕಾಲದಲ್ಲಿ ಕಿತ್ತುಕೊಂಡ ಜಾಗಗಳನ್ನು ದುಡ್ಡು ಕೇಳದೆ ವಾಪಸ್ ಕೊಡಬೇಕು. ರಾಜಧರ್ಮದ ಮಾತೇ ಇಲ್ಲ.

ಶಾಸನಕ್ಕೆ ಕೇಳುವ ಪ್ರಶ್ನೆ ಇವನಿಗೂ ಕೇಳಿ

ಆ ವರ್ಷ ಹುಡುಗರನ್ನು ಕರೆದುಕೊಂಡು ಲಕ್ಕುಂಡಿಗೆ ಹೋಗಿದ್ದೆ. ಗದಗಿನಿಂದ ಬಸ್ಸಲ್ಲಿ ಹೆಚ್ಚು ಹೊತ್ತಿನ ದಾರಿ ಅಲ್ಲ. ಬ್ರಹ್ಮಜಿನಾಲಯದ ಮುಂದೆ ನಿಂತು, ದಾನಚಿಂತಾಮಣಿ ಅತ್ತಿಮಬ್ಬೆ 1007ರ ಹೊತ್ತಿಗೆ ಕಟ್ಟಿಸಿದ ಬಸದಿ ಇದು ಅಂತ ಹೇಳುತ್ತಿರುವಾಗ, ಒಬ್ಬ ಹುಡುಗ ಕೇಳಿದ: "ಹಂಗಾದ್ರ ಆಗಿನ ರಾಜ ಜೈನ ಇದ್ನೇನ್ರೀ?" ಅದೇ ಊರಲ್ಲಿ ನಾಲ್ಕು ಹೆಜ್ಜೆ ನಡೆದರೆ ಕಾಶಿವಿಶ್ವೇಶ್ವರ ಗುಡಿ ಇದೆ. ಅದೂ ಚಾಲುಕ್ಯರ ಕಾಲದ್ದೇ. ಬಸದಿಗೆ ಒಪ್ಪಿಗೆ ಕೊಟ್ಟ ರಾಜ ಜೈನನೇ ಆಗಿರಬೇಕಾಗಿಲ್ಲ, ಶಿವಾಲಯಕ್ಕೆ ಭೂಮಿ ಬಿಟ್ಟ ರಾಜ ಬಸದಿ ಕೆಡವಬೇಕಾಗಿಯೂ ಇಲ್ಲ. ನಮ್ಮ ಕಡೆಯವರಿಗೆ ಇದು ಬೇಗ ತಲೆಗೆ ಹತ್ತುತ್ತದೆ, ಯಾಕಂದ್ರೆ ಇಂಥ ಕಲ್ಲುಗಳ ನಡುವೆಯೇ ಬೆಳೆದಿದ್ದೇವೆ.

ದಾನಶಾಸನ ಓದುವಾಗ ಏನು ನೋಡುತ್ತೀವಿ? ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು ಮತ್ತರು ಭೂಮಿ, ಯಾವ ತೆರಿಗೆ ಬಿಟ್ಟರು. ಕೊನೆಗೆ, ಇದನ್ನು ಅಳಿಪಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನೋ ಶಾಪ. ರಾಜನ ಮನಸ್ಸಲ್ಲಿ ಎಷ್ಟು ಭಕ್ತಿ ಇತ್ತು ಅಂತ ಕಲ್ಲು ಹೇಳಲ್ಲ. ಏನು ಕೊಟ್ಟ ಅಂತ ಹೇಳುತ್ತದೆ. ಕಾನ್‌ಸ್ಟಂಟೈನ್‌ನನ್ನೂ ಹೀಗೇ ಓದಿ, ವಿಷಯ ತಾನೇ ಬಿಚ್ಚಿಕೊಳ್ಳುತ್ತದೆ.

ತೆರಿಗೆಯಿಂದಲೇ ಶುರುಮಾಡಿ, ನನಗೆ ಅದೇ ಎಲ್ಲಕ್ಕಿಂತ ರುಚಿಯಾದ ಭಾಗ. 313ರಲ್ಲೇ ಅವನು ಆಫ್ರಿಕಾದ ರಾಜ್ಯಪಾಲ ಅನುಲಿನಸ್‌ಗೆ ಪತ್ರ ಬರೆದು, ಚರ್ಚಿನ ಪಾದ್ರಿಗಳನ್ನು ಊರಿನ ಸರ್ಕಾರಿ ಹೊಣೆಗಳಿಂದ ಬಿಡಿಸು ಅಂದ. ನಮ್ಮ ಶಾಸನದ ಮಾತಲ್ಲಿ ಹೇಳಬೇಕಂದ್ರೆ ಸರ್ವಬಾಧಾಪರಿಹಾರ. ಇದು ಸಣ್ಣ ಸವಲತ್ತಲ್ಲ. ಆಗ ರೋಮಿನ ಊರುಗಳಲ್ಲಿ ಆಸ್ತಿ ಇದ್ದವರು ಪುರಸಭೆಯಂಥ ಒಂದು ಕೂಟದಲ್ಲಿ ಕೂರಲೇಬೇಕಿತ್ತು, ಊರಿನ ಕಂದಾಯ ವಸೂಲಿ ಮಾಡಿಸಬೇಕಿತ್ತು, ವಸೂಲಿ ಕಡಿಮೆ ಬಿದ್ದರೆ ಸ್ವಂತ ಗಂಟು ಬಿಚ್ಚಿ ತುಂಬಬೇಕಿತ್ತು. ಪಾದ್ರಿ ಆದರೆ ಇದೆಲ್ಲ ಮಾಫಿ ಅಂತ ಗೊತ್ತಾದ ಮೇಲೆ ಏನಾಗಿರಬಹುದು ಹೇಳಿ? ಇದ್ದಕ್ಕಿದ್ದಂತೆ ಊರ ಸಾಹುಕಾರರಿಗೆಲ್ಲ ಭಕ್ತಿ ಉಕ್ಕಿತು. ಸ್ವಲ್ಪ ವರ್ಷದಲ್ಲೇ ಅವನೇ ಇನ್ನೊಂದು ಕಾನೂನು ಮಾಡಬೇಕಾಯಿತು: ಕೂಟದ ಹೊಣೆ ಇರುವ ಆಸ್ತಿವಂತರು ಪಾದ್ರಿಗಳಾಗುವಂತಿಲ್ಲ, ಒಬ್ಬ ಪಾದ್ರಿ ಸತ್ತರೆ ಅವನ ಜಾಗಕ್ಕೆ ಕಡಿಮೆ ಆಸ್ತಿಯವನನ್ನೇ ತಗೋಬೇಕು. ರಿಯಾಯಿತಿ ಇದೆ ಅಂದ ಕಡೆ ಸಾಲು ನಿಲ್ಲೋದು ನಮಗೇನು ಹೊಸದಾ?

ದುಡ್ಡು: ಕಾರ್ಥೇಜಿನ ಬಿಷಪ್ ಸಿಸಿಲಿಯನ್‌ಗೆ ಖಜಾನೆಯಿಂದ 3000 ಫೋಲಿಸ್ ಕೊಡಿಸಿದ. ಫೋಲಿಸ್ ಅಂದರೆ ಆಗಿನ ನಾಣ್ಯ ಎಣಿಸುವ ಒಂದು ಲೆಕ್ಕ. ಸಾಲದಿದ್ದರೆ ಇನ್ನೂ ಕೇಳಿ ಪಡೆಯಿರಿ ಅಂತ ಕೂಡ ಬರೆದ. ಆಸ್ತಿ: 321ರಲ್ಲಿ, ಸಾಯುವವರು ಉಯಿಲಿನಲ್ಲಿ ಚರ್ಚಿಗೆ ಏನು ಬೇಕಾದರೂ ಬಿಟ್ಟು ಹೋಗಬಹುದು ಅಂತ ಕಾನೂನು ಮಾಡಿದ. ನನ್ನ ಪ್ರಕಾರ ಮಿಲ್ವಿಯನ್ ಯುದ್ಧದ ಹಿಂದಿನ ಕನಸಿಗಿಂತ (ಆ ಕಥೆ ಮುಂದೆ ಬರುತ್ತದೆ) ಈ ಉಯಿಲಿನ ಕಾನೂನೇ ಚರ್ಚನ್ನು ಜಾಸ್ತಿ ಬದಲಿಸಿತು.

ಕಟ್ಟಡಗಳೂ ಹಾಗೇ. ರೋಮಿನ ಲ್ಯಾಟರನ್ ಚರ್ಚು, ವ್ಯಾಟಿಕನ್ ಗುಡ್ಡದ ಮೇಲೆ ಪೀಟರನ ಸಮಾಧಿಯ ಚರ್ಚು, ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಯ ಚರ್ಚು. ಜೆರುಸಲೇಮಿನ ಬಿಷಪ್ ಮಕಾರಿಯಸ್‌ಗೆ ಅವನು ಬರೆದ ಪತ್ರ ಉಳಿದಿದೆ. ಕಂಬ ಎಂಥವು ಬೇಕು, ಯಾವ ಅಮೃತಶಿಲೆ ಬೇಕು ತಿಳಿಸು, ಒಳಮಾಳಿಗೆಗೆ ಚೌಕದ ಹಲಗೆ ಹಾಕಿಸುವುದಾದರೆ ಅದಕ್ಕೆ ಚಿನ್ನದ ಲೇಪ ಕೂಡ ಮಾಡಿಸಬಹುದು ಅನ್ನೋ ಥರದ ಪತ್ರ. ಸಾಮ್ರಾಜ್ಯ ಆಳುವವನು ಮನೆ ಕಟ್ಟಿಸುವ ಯಜಮಾನನ ಹಾಗೆ ಸೀಲಿಂಗಿನ ಚಿಂತೆ ಮಾಡುತ್ತಿದ್ದಾನೆ!

ಭಾನುವಾರದ ಕಾನೂನನ್ನು ಮಾತ್ರ ಮಾತಿಗೆ ಮಾತು ಓದಿ. 321ರ ಮಾರ್ಚ್ 7ರದ್ದು. ನ್ಯಾಯಾಲಯ ಬಂದ್, ಊರ ಜನಕ್ಕೆ ರಜೆ, ಕಸುಬುಗಳಿಗೆ ರಜೆ. ದಿನದ ಹೆಸರು "ಸೂರ್ಯನ ಪೂಜ್ಯ ದಿನ" ಅಂತಿದೆ, ಕ್ರಿಸ್ತನ ಹೆಸರಿಲ್ಲ. ಕ್ರೈಸ್ತರು ಅದಕ್ಕೂ ಮುಂಚಿನಿಂದಲೇ ಭಾನುವಾರ ಸೇರುತ್ತಿದ್ದರು, ಇವನು ಕೊಟ್ಟದ್ದು ಸರ್ಕಾರಿ ರಜೆ. ಆದರೆ ರೈತರಿಗೆ ವಿನಾಯಿತಿ ಇದೆ. ಬಿತ್ತನೆಗೋ ದ್ರಾಕ್ಷಿ ನೆಡುವುದಕ್ಕೋ ಅದೇ ದಿನ ಸರಿಯಾಗಿ ಕೂಡಿ ಬಂದಿರಬಹುದು, ದೇವರು ಕೊಟ್ಟ ಆ ಹೊತ್ತು ಕೈ ತಪ್ಪಬಾರದು ಅಂತ ಕಾರಣ ಕೊಟ್ಟಿದ್ದಾನೆ. ಇದನ್ನು ಓದಿದಾಗ ನವಲಗುಂದದ ಹುಡುಗನೊಬ್ಬ ಥಟ್ಟನೆ "ಹದ ರೀ ಸರ್, ಹದ!" ಅಂದ. ಎರೆ ಹೊಲದವರ ಮಗ. ಹದ ಒಂದು ದಿನ ತಪ್ಪಿದರೆ ಏನಾಗುತ್ತದೆ ಅಂತ ಅವನಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಸಾಕ್ಷಿ ಹೇಳುವವನು ಯಾವಾಗ ಹೇಳಿದ?

ಆಕಾಶದಲ್ಲಿ ಶಿಲುಬೆ ಕಂಡ ಕಥೆ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಹೇಳಿ, ಬೇಡ ಅನ್ನಲ್ಲ. ಆದರೆ ಒಂದೇ ಕಥೆ ಅಂತ ಹೇಳಬೇಡಿ. ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಯುದ್ಧ ಆದ ಕೆಲವೇ ವರ್ಷದಲ್ಲಿ ಬರೆದವನು. ಅವನ ಪ್ರಕಾರ ಕನಸಿನಲ್ಲಿ ಅಪ್ಪಣೆ ಆಯಿತು, ಗುರಾಣಿಗಳ ಮೇಲೆ ಗುರುತು ಹಾಕಿಸಿದ. ಪ್ಯಾಲೆಸ್ಟೈನಿನ ಸಿಸೇರಿಯಾ ಊರಿನ ಬಿಷಪ್ ಯುಸೇಬಿಯಸ್ ರಾಜನ ಜೀವನಚರಿತ್ರೆ ಬರೆದದ್ದು ರಾಜ ಸತ್ತ ಮೇಲೆ. ಅವನ ಪ್ರಕಾರ ಹಾಡುಹಗಲೇ ಸೂರ್ಯನ ಮೇಲೆ ಬೆಳಕಿನ ಶಿಲುಬೆ ಮೂಡಿತು, ರಾಜನೇ ನನಗೆ ಆಣೆ ಮಾಡಿ ಹೇಳಿದ ಅಂತಾನೆ. ಅದೇ ಯುಸೇಬಿಯಸ್ ಮುಂಚೆ ಬರೆದ ಚರ್ಚಿನ ಇತಿಹಾಸದಲ್ಲಿ ಇದೇ ಯುದ್ಧ ಬರುತ್ತದೆ, ಶಿಲುಬೆ ಕಂಡ ಮಾತಿಲ್ಲ. ಇನ್ನು 315ರಲ್ಲಿ ರೋಮಿನ ಸೆನೆಟ್ ನಿಲ್ಲಿಸಿದ ವಿಜಯದ ಕಮಾನಿನ ಮೇಲೆ "ದೈವದ ಪ್ರೇರಣೆಯಿಂದ" ಗೆದ್ದ ಅಂತಷ್ಟೇ ಕೆತ್ತಿದ್ದಾರೆ. ಯಾವ ದೈವ? ಓದುವವರು ತಮಗೆ ಬೇಕಾದ್ದು ತಿಳಿದುಕೊಳ್ಳಲಿ ಅಂತ ಬಿಟ್ಟಂತಿದೆ. ನಾಣ್ಯಗಳ ಮೇಲೆ ಅಜೇಯ ಸೂರ್ಯದೇವ ಆಮೇಲೂ ವರ್ಷಗಟ್ಟಲೆ ಇದ್ದ.

ನೈಸಿಯಾಕ್ಕೆ ಬೇರೆ ಹಾಳೆ

ಎಡವಟ್ಟು ಜಾಸ್ತಿ ಆಗುವುದು ಇಲ್ಲೇ. ಇನ್ನೊಂದು ಹಾಳೆ ತಗೊಂಡು ಎರಡು ಭಾಗ ಮಾಡಿ: ಆದದ್ದು, ಆಗದ್ದು.

ಆದದ್ದು ಇಷ್ಟು. ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್, ಮಗನನ್ನು (ಅಂದರೆ ಯೇಸುವನ್ನು) ತಂದೆಯಾದ ದೇವರೇ ಉಂಟುಮಾಡಿದ್ದು, ಹಾಗಾಗಿ ಮಗ ಇಲ್ಲದ ಒಂದು ಸ್ಥಿತಿ ಇತ್ತು ಅಂತ ಕಲಿಸುತ್ತಿದ್ದ. ಅವನ ಬಿಷಪ್ ಅಲೆಕ್ಸಾಂಡರ್ ಒಪ್ಪಲಿಲ್ಲ. ಜಗಳ ಊರು ದಾಟಿತು. ರಾಜ ಮೊದಲು ಇಬ್ಬರಿಗೂ ಪತ್ರ ಬರೆದು, ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಬಡಿದಾಡುತ್ತೀರಿ ಅಂತ ಬುದ್ಧಿ ಹೇಳಿದ. ಅವರಿಗೆ ಅದು ಸಣ್ಣದಾಗಿರಲಿಲ್ಲ, ಅವನಿಗದು ಅರ್ಥವಾಗಲಿಲ್ಲ. ಕೊನೆಗೆ 325ರಲ್ಲಿ ನೈಸಿಯಾಕ್ಕೆ, ಅಂದರೆ ಈಗಿನ ಟರ್ಕಿಯ ಇಜ್ನಿಕ್ ಊರಿಗೆ, ಎಲ್ಲರನ್ನೂ ಕರೆಸಿದ. ಸರ್ಕಾರಿ ಅಂಚೆಯ ಗಾಡಿ ಕುದುರೆಗಳನ್ನು ಬಿಷಪ್ಪರ ಪ್ರಯಾಣಕ್ಕೆ ಕೊಟ್ಟ. ಬಂದವರು ಸುಮಾರು 300, ಹೆಚ್ಚಿನವರು ಪೂರ್ವದ ಕಡೆಯವರು. ರೋಮಿನ ಬಿಷಪ್ ತಾನು ಬರದೆ ಇಬ್ಬರು ಪಾದ್ರಿಗಳನ್ನು ಕಳಿಸಿದ. ಹನ್ನೆರಡು ವರ್ಷದ ಹಿಂದಿನವರೆಗೂ ಪೂರ್ವದಲ್ಲಿ ಸರ್ಕಾರದವರಿಂದ ಕಣ್ಣು, ಕಾಲು ಕಳೆದುಕೊಂಡ ಬಿಷಪ್ಪರಿದ್ದರು. ಅಂಥವರ ಸಾಲಿನವರು ಈಗ ಅದೇ ಸರ್ಕಾರದ ಗಾಡಿ ಹತ್ತಿ ಬಂದರು ಅಂದ್ರೆ ಹೇಗಿದ್ದಿರಬೇಕು ಊಹಿಸಿ.

ಮಗ ತಂದೆಯೊಂದಿಗೆ "ಒಂದೇ ಸತ್ವದವನು" ಅನ್ನೋ ಪದ ನಂಬಿಕೆಯ ಸಾರಾಂಶದಲ್ಲಿ ಸೇರಿತು. ರಾಜ ತಾನೇ ಆ ಪದದ ಪರ ಮಾತಾಡಿದ ಅಂತ ಸಭೆಯಲ್ಲಿದ್ದ ಯುಸೇಬಿಯಸ್ ತನ್ನ ಊರಿನವರಿಗೆ ಪತ್ರ ಬರೆದಿದ್ದಾನೆ. ಹಾಗಾಗಿ ರಾಜನ ಕೈ ಇರಲಿಲ್ಲ ಅನ್ನೋಕೂ ಬರಲ್ಲ. ಸಹಿ ಹಾಕದ ಇಬ್ಬರು ಬಿಷಪ್ಪರು ಮತ್ತು ಏರಿಯಸ್ ಗಡೀಪಾರು. ನಂಬಿಕೆ ಒಪ್ಪದಿದ್ದರೆ ಸಭೆಯಿಂದ ಹೊರಗೆ ಹಾಕೋದು ಹಳೆಯದು, ಸರ್ಕಾರದ ಬಲದಿಂದ ದೇಶದ ಮೂಲೆಗೆ ಅಟ್ಟೋದು ಹೊಸದು. ಇದಕ್ಕೆ ಎರಡು ಸಲ ಗೆರೆ ಎಳೆಯಿರಿ.

ಆಗದ್ದು: ಬೈಬಲ್ಲಿನ ಪುಸ್ತಕ ಆರಿಸಿದ್ದು. ಸಭೆ ಮಾಡಿದ 20 ನಿಯಮಗಳಲ್ಲಿ ಆ ಮಾತಿಲ್ಲ. ಪುಸ್ತಕಗಳನ್ನೆಲ್ಲ ಪೂಜೆಯ ಮೇಜಿನ ಹತ್ತಿರ ಇಟ್ಟು ಪ್ರಾರ್ಥಿಸಿದರು, ನಿಜವಾದವು ಮೇಲೆ ಉಳಿದವು, ಸುಳ್ಳು ಕೆಳಗೆ ಹೋದವು ಅನ್ನೋ ಕಥೆ ಬರುವುದು ಐನೂರು ವರ್ಷಕ್ಕೂ ಆಚೆ, 9ನೇ ಶತಮಾನದ ಒಂದು ಗ್ರೀಕ್ ಬರಹದಲ್ಲಿ. ಕಾನ್‌ಸ್ಟಂಟೈನ್ ಬೈಬಲ್ಲಿಗೆ ಮಾಡಿದ ಕೆಲಸ ಬೇರೆ. ಹೊಸ ರಾಜಧಾನಿಯ ಚರ್ಚುಗಳಿಗೆ ಒಳ್ಳೆ ಚರ್ಮದ ಹಾಳೆಯ ಮೇಲೆ, ಓದಲು ಸುಲಭ ಆಗುವಂತೆ, 50 ಪ್ರತಿ ಬರೆಸಿ ಕಳಿಸು ಅಂತ ಯುಸೇಬಿಯಸ್‌ಗೆ ಹೇಳಿದ, ಸಾಗಿಸಲು ಎರಡು ಸರ್ಕಾರಿ ಗಾಡಿ ಕೊಟ್ಟ. ಪ್ರತಿ ಮಾಡಿಸಿದವನು ಗ್ರಂಥ ಬರೆದವನಾಗಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದಳು ಅಂತ ನಾವೆಲ್ಲ ಹೈಸ್ಕೂಲಲ್ಲೇ ಓದಿದ್ದೇವೆ. ಹಾಗಂತ ಶಾಂತಿಪುರಾಣ ಅವಳದಾಗುತ್ತಾ?

ಯೇಸು ದೇವರು ಅನ್ನೋ ನಂಬಿಕೆಯೂ ಅಲ್ಲಿ ಓಟು ಹಾಕಿ ಹುಟ್ಟಿಸಿದ್ದಲ್ಲ. 112ರ ಸುಮಾರಿಗೆ ಪ್ಲಿನಿ ಅನ್ನೋ ರೋಮನ್ ಅಧಿಕಾರಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲೇ, ಇವರು ಬೆಳಗಾಗುವ ಮುಂಚೆ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಅಂತ ಇದೆ. ನೈಸಿಯಾಕ್ಕೆ ಇನ್ನೂರು ವರ್ಷಕ್ಕೂ ಮುಂಚೆ. ನಮ್ಮ ಕಡೆ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ ಬಂತು, ಕ್ಲಾಸಲ್ಲಿ ಚರ್ಚಿಗೆ ಹೋಗುವ ಮಕ್ಕಳು ಇದ್ದೇ ಇರುತ್ತಾರೆ. ನೈಸಿಯಾದ ಹೆಸರಲ್ಲಿ ಇವತ್ತು ಚರ್ಚುಗಳಲ್ಲಿ ಹೇಳುವ ಪಾಠ 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೊತ್ತಿಗೆ ಬೆಳೆದ ರೂಪ ಅನ್ನೋದನ್ನೂ ಹೇಳಿ, ಅವರಿಗೇ ಜಾಸ್ತಿ ಕುತೂಹಲ ಇರುತ್ತದೆ.

ಅವನ ಮಾತು ನಡೆಯದ ಕಡೆ ಹುಡುಕಿ

ರಾಜ ಹೇಳಿದ, ಎಲ್ಲರೂ ಕೇಳಿದರು ಅನ್ನೋ ಥರ ಬರೆದ ಉತ್ತರಕ್ಕೆ ನಾನು ಮಾರ್ಕ್ಸ್ ಕತ್ತರಿಸುತ್ತೇನೆ. ಆಫ್ರಿಕಾದಲ್ಲಿ ಡೊನಾಟಿಸ್ಟರ ಜಗಳ ನೋಡಿ. ದಬ್ಬಾಳಿಕೆಯ ಕಾಲದಲ್ಲಿ ಹೆದರಿ ಧರ್ಮಗ್ರಂಥ ಒಪ್ಪಿಸಿಬಿಟ್ಟ ಬಿಷಪ್ ಕೈಯಿಂದ ದೀಕ್ಷೆ ಪಡೆದವನು ಬಿಷಪ್ಪೇ ಅಲ್ಲ ಅಂತ ಅವರ ವಾದ. ಮೊದಲು ಅರ್ಜಿ ಹಿಡಿದುಕೊಂಡು ರಾಜನ ಹತ್ತಿರ ಹೋದದ್ದು ಅವರೇ! 313ರಲ್ಲಿ ರೋಮಿನಲ್ಲಿ ವಿಚಾರಣೆ, ಸೋತರು. 314ರಲ್ಲಿ ಆರ್ಲ್ ಊರಲ್ಲಿ ಇನ್ನೊಂದು, ಸೋತರು. 316ರಲ್ಲಿ ರಾಜನೇ ತೀರ್ಪು ಕೊಟ್ಟ, ಆಗಲೂ ಸೋತರು. ಆಮೇಲೆ ಸೈನಿಕರನ್ನು ಬಿಟ್ಟು ಚರ್ಚು ಕಿತ್ತುಕೊಂಡ. ಜನ ಬಗ್ಗಲಿಲ್ಲ. 321ರಲ್ಲಿ ಕೈ ಚೆಲ್ಲಿ, ದೇವರೇ ನೋಡಿಕೊಳ್ಳಲಿ ಅಂತ ಬಿಟ್ಟ. ಅವರು ಅಲ್ಲಿ ಇನ್ನೂ ನೂರು ವರ್ಷಕ್ಕಿಂತ ಜಾಸ್ತಿ ಉಳಿದರು.

ನೈಸಿಯಾದ ಕಥೆಯೂ ಅಷ್ಟೇ. ಹತ್ತು ವರ್ಷ ಕಳೆಯುವುದರೊಳಗೆ ಏರಿಯಸ್‌ಗೆ ಗಡೀಪಾರಿನಿಂದ ಬಿಡುಗಡೆ, ನೈಸಿಯಾದ ಪರ ನಿಂತ ಅಥನೇಸಿಯಸ್‌ಗೆ 335ರಲ್ಲಿ ಜರ್ಮನಿಯ ಟ್ರಿಯರ್‌ಗೆ ಗಡೀಪಾರು. ರಾಜನಿಗೆ ಬೇಕಿದ್ದದ್ದು ಒಗ್ಗಟ್ಟು. ಯಾವ ಕಡೆ ನಿಂತರೆ ಗದ್ದಲ ಕಡಿಮೆಯೋ ಆ ಕಡೆ ವಾಲಿದ ಅಂತಲೇ ನನಗನಿಸೋದು.

ಖೊಟ್ಟಿ ತಾಮ್ರಪಟ

ಶಾಸನ ಓದುವವರಿಗೆ ಕೂಟಶಾಸನ ಗೊತ್ತು, ಹಳೆ ರಾಜನ ಹೆಸರಲ್ಲಿ ಆಮೇಲೆ ಯಾರೋ ಮಾಡಿಸಿದ್ದು. ಕಾನ್‌ಸ್ಟಂಟೈನ್ ಹೆಸರಲ್ಲೂ ಒಂದಿದೆ. ರೋಮ್ ಮತ್ತು ಪಶ್ಚಿಮದ ಸೀಮೆಯನ್ನೆಲ್ಲ ಪೋಪ್ ಸಿಲ್ವೆಸ್ಟರ್‌ಗೆ ಬರೆದುಕೊಟ್ಟೆ ಅಂತ ಹೇಳುವ ದಾನಪತ್ರ, 8ನೇ ಶತಮಾನದ ಸುಮಾರಿಗೆ ಹುಟ್ಟಿದ್ದು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಅದರ ಲ್ಯಾಟಿನ್ ಭಾಷೆಯನ್ನೇ ಹಿಡಿದು ಜಾಲಾಡಿದ. ರೋಮಿನ ಅಧಿಕಾರಿಗಳ ಸಾಲಲ್ಲಿ "ಸತ್ರಪ" ಅನ್ನೋ ಪದ, ಅಂದರೆ ಪರ್ಷಿಯಾದ ರಾಜ್ಯಪಾಲರ ಹೆಸರು, ಹೇಗೆ ಬಂತು ಅಂತ ಕೇಳಿದ. ಬಾದಾಮಿ ಚಾಲುಕ್ಯರ ಕಲ್ಲಲ್ಲಿ "ತಹಶೀಲ್ದಾರ" ಅಂತ ಸಿಕ್ಕರೆ ನಾವು ಹೇಗೆ ನಗುತ್ತೇವೋ ಹಾಗೆ. ಆ ಪತ್ರ ಓದಿ ಅವನ ಕೊಡುಗೆ ಪಟ್ಟಿ ಮಾಡಬೇಡಿ, ಅಷ್ಟೇ.

ಕೊನೆಗೆ ಕೇಳೇ ಕೇಳುತ್ತಾರೆ

ಸೆಮಿನಾರ್ ಮುಗಿದ ಮೇಲೆ ಯಾರಾದರೂ ಕೈ ಎತ್ತುತ್ತಾರೆ: "ಅಂವಾ ಖರೇನ ನಂಬಿದ್ನೋ, ರಾಜಕೀಯ ಮಾಡಿದ್ನೋ?" ಒಂದೇ ಪದದಲ್ಲಿ ಉತ್ತರ ಕೊಡಲು ಹೋಗಬೇಡಿ. ಎರಡೂ ಕಡೆಯ ಸಂಗತಿ ಮುಂದಿಡಿ. 326ರಲ್ಲಿ ಹಿರಿಯ ಮಗ ಕ್ರಿಸ್ಪಸ್‌ನನ್ನು ಕೊಲ್ಲಿಸಿದ, ಹೆಂಡತಿ ಫೌಸ್ಟಾಳ ಸಾವೂ ಅದೇ ಹೊತ್ತಿನದು. ರೋಮಿನ ಹಳೆ ದೇವರುಗಳ ಪ್ರಧಾನ ಪುರೋಹಿತ ಅನ್ನೋ ಬಿರುದನ್ನು ಕೊನೆತನಕ ಬಿಡಲಿಲ್ಲ. ಇನ್ನೊಂದು ಕಡೆ, ಇಪ್ಪತ್ತು ವರ್ಷಕ್ಕೂ ಮೀರಿ ಖಜಾನೆ ಬಿಚ್ಚಿಟ್ಟ, ಮಕ್ಕಳನ್ನು ಕ್ರೈಸ್ತರಾಗಿ ಬೆಳೆಸಿದ. ಕ್ರೈಸ್ತನಾಗಲು ಮಾಡುವ ದೀಕ್ಷಾಸ್ನಾನ ಮಾತ್ರ ಮುಂದೂಡುತ್ತಲೇ ಬಂದ. ಆಗ ಹಾಗೆ ಮುಂದೂಡುವವರು ಬಹಳ ಇದ್ದರು, ಆಮೇಲೆ ಮಾಡಿದ ಪಾಪ ತೊಳೆಯಲು ಎರಡನೇ ಸ್ನಾನ ಇಲ್ಲ ಅನ್ನೋ ಹೆದರಿಕೆಯಿಂದ.

337ರಲ್ಲಿ ನಿಕೊಮೀಡಿಯಾ ಹತ್ತಿರ ಹಾಸಿಗೆ ಹಿಡಿದಾಗ ಕೊನೆಗೂ ಸ್ನಾನ ಆಯಿತು. ಮಾಡಿಸಿದವನು ಆ ಊರಿನ ಬಿಷಪ್, ಅವನ ಹೆಸರೂ ಯುಸೇಬಿಯಸ್ಸೇ, ಆದರೆ ಜೀವನಚರಿತ್ರೆ ಬರೆದವನಲ್ಲ. ಏರಿಯಸ್‌ನ ಹಳೆಯ ಗೆಳೆಯ. 303ರಲ್ಲಿ ದಬ್ಬಾಳಿಕೆಯ ಆಜ್ಞೆ ಹೊರಟದ್ದೂ ಅದೇ ನಿಕೊಮೀಡಿಯಾದಿಂದ, ನಿಮ್ಮ ಹಾಳೆಯ ಮೊದಲ ಗುರುತು. ಸ್ನಾನ ಆದ ಮೇಲೆ ಬಿಳಿ ಬಟ್ಟೆ ಉಟ್ಟು ಮಲಗಿದ, ಚಕ್ರವರ್ತಿಗಳು ಹೊದೆಯುವ ನೇರಳೆ ಬಟ್ಟೆಯನ್ನು ಮತ್ತೆ ಮುಟ್ಟಲಿಲ್ಲ.